‘ಟು’ ಬರಬೇಕೋ ‘ಇಂಗ್’ ಬರಬೇಕೋ? ಆರು ವಾಕ್ಯ, ಆರಕ್ಕೂ ಕೆಂಪು ಗೆರೆ

ಕೊನೆಬೆಂಚು:

ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದದ ಬೆನ್ನಿಗೇ ಇನ್ನೊಂದು ಬಂದಾಗ ಎರಡನೆಯದನ್ನು ‘ಟು ಗೋ’ ಥರ ಇನ್ಫಿನಿಟಿವ್ ಮಾಡಬೇಕೋ ‘ಗೋಯಿಂಗ್’ ಥರ ಜೆರಂಡ್ ಮಾಡಬೇಕೋ ಅನ್ನುವುದು ಬಗೆಹರಿಯುತ್ತಿಲ್ಲ. ‘ಮುಂದೆ ಆಗಬೇಕಾದದ್ದಕ್ಕೆ ಟು, ಆಗಿಹೋದದ್ದಕ್ಕೆ ಇಂಗ್’ ಎಂಬ ಸೂತ್ರ ಓದಿದ್ದೇನೆ. ಅದನ್ನು ನಂಬಿ ಬರೆದ ವಾಕ್ಯಗಳು ಇವು, ಆರಕ್ಕೂ ಕೆಂಪು ಗೆರೆ ಬಿದ್ದಿದೆ:

1. ಐ ಲುಕ್ ಫಾರ್ವರ್ಡ್ ಟು ಮೀಟ್ ಯು.
2. ಹಿ ಸಜೆಸ್ಟೆಡ್ ಮಿ ಟು ಟೇಕ್ ರೆಸ್ಟ್.
3. ಐ ಕೇಮ್ ಹಿಯರ್ ಫಾರ್ ಬೈಯಿಂಗ್ ಎ ಬುಕ್.
4. ಶಿ ಅವಾಯ್ಡ್ಸ್ ಟು ಟಾಕ್ ಅಬೌಟ್ ಇಟ್.
5. ದೆ ಮೇಡ್ ಅಸ್ ಟು ವೇಟ್.
6. ಐ ಸ್ಟಾಪ್ಡ್ ಟು ಡ್ರಿಂಕ್ ಕಾಫಿ.

ಆರನೆಯದರಲ್ಲಿ ಹೇಳಬೇಕಾಗಿದ್ದದ್ದು ‘ಕಾಫಿ ಕುಡಿಯುವುದನ್ನು ಬಿಟ್ಟೆ’ ಅಂತ. ಉದ್ದುದ್ದ ಪಟ್ಟಿ ಬಾಯಿಪಾಠ ಮಾಡುವುದೊಂದೇ ದಾರಿಯೇ?

ಹಳೇಮೇಷ್ಟ್ರು:

ಮೊದಲು ಆ ಸೂತ್ರವನ್ನು ಪಕ್ಕಕ್ಕಿಡಿ. ಅದು ಪೂರ್ತಿ ಸುಳ್ಳಲ್ಲ, ಆದರೆ ಐದಾರು ಕ್ರಿಯಾಪದಗಳಿಗೆ ಮಾತ್ರ ಸರಿಹೊಂದುವ ಮಾತನ್ನು ಇಡೀ ಭಾಷೆಗೆ ಹೊದಿಸಿದ್ದಾರೆ. ‘ಸಜೆಸ್ಟ್’, ‘ಕನ್ಸಿಡರ್’, ‘ಪೋಸ್ಟ್‌ಪೋನ್’, ‘ರಿಸ್ಕ್’ ಇವೆಲ್ಲ ಇನ್ನೂ ಆಗದ ಕೆಲಸದ ಮಾತೇ, ಆದರೂ ಇವುಗಳ ಮುಂದೆ ಇಂಗ್ ಬರುತ್ತದೆ. ‘ಶಿ ಮ್ಯಾನೇಜ್ಡ್ ಟು ಓಪನ್ ದ ಡೋರ್’ ಎಂದರೆ ಬಾಗಿಲು ಆಗಲೇ ತೆರೆದಾಗಿದೆ, ಆದರೂ ಟು.

ರೂಪವನ್ನು ತೀರ್ಮಾನಿಸುವುದು ಆ ಕ್ರಿಯೆ ಯಾವಾಗ ನಡೆಯಿತು ಎಂಬುದಲ್ಲ, ಅದಕ್ಕಿಂತ ಮೊದಲು ಯಾವ ಪದ ಕೂತಿದೆ ಎಂಬುದು. ಹಾಗಾಗಿ ಕಣ್ಣು ಎಡಕ್ಕೆ ಹೋಗಲಿ. ಈ ಕ್ರಮದಲ್ಲಿ ನೋಡಿದರೆ ಪಟ್ಟಿಯ ಹೊರೆ ಅರ್ಧಕ್ಕರ್ಧ ಇಳಿಯುತ್ತದೆ.

ಎಡಗಡೆ ಪ್ರಿಪೊಸಿಷನ್ ಇದೆಯೇ? ಇನ್, ಆಫ್, ಅಟ್, ವಿದೌಟ್, ಬಿಫೋರ್, ಆಫ್ಟರ್, ಬೈ, ಅಬೌಟ್, ಯಾವುದೇ ಇರಲಿ, ಮುಂದೆ ಇಂಗ್. ‘ವಿದೌಟ್ ಆಸ್ಕಿಂಗ್’, ‘ಗುಡ್ ಅಟ್ ಡ್ರಾಯಿಂಗ್’, ‘ಬಿಫೋರ್ ಲೀವಿಂಗ್’. ‘ಹೊರತು’ ಎಂಬ ಅರ್ಥದ ‘ಬಟ್’, ‘ಎಕ್ಸೆಪ್ಟ್’ ಎರಡೇ ಇದಕ್ಕೆ ಮುಖ್ಯ ಅಪವಾದ: ‘ದೇರ್ ವಾಸ್ ನಥಿಂಗ್ ಟು ಡು ಬಟ್ ವೇಟ್’.

ನಿಮ್ಮ ಮೊದಲ ವಾಕ್ಯ ಬಿದ್ದದ್ದು ಇಲ್ಲೇ. ಇಂಗ್ಲಿಷಿನಲ್ಲಿ ‘ಟು’ ಎರಡಿವೆ. ಒಂದು ಇನ್ಫಿನಿಟಿವ್ ಗುರುತು, ಇನ್ನೊಂದು ಅಪ್ಪಟ ಪ್ರಿಪೊಸಿಷನ್. ಎದುರಿಗಿರುವುದು ಯಾವುದು ಎಂದು ತಿಳಿಯಲು ಕ್ರಿಯಾಪದವನ್ನು ತೆಗೆದು ಅಲ್ಲಿ ‘ಇಟ್’ ಇಡಿ. ‘ಐ ಲುಕ್ ಫಾರ್ವರ್ಡ್ ಟು ಇಟ್’ ಸರಿಯಾಗಿ ಕೂರುತ್ತದೆ, ಹಾಗಾದರೆ ಅದು ಪ್ರಿಪೊಸಿಷನ್, ‘ಟು ಮೀಟಿಂಗ್ ಯು’ ಆಗಬೇಕು. ‘ಐ ವಾಂಟ್ ಟು ಇಟ್’ ಕೂರುವುದಿಲ್ಲ, ಅದು ಇನ್ಫಿನಿಟಿವ್ ಟು. ಇದೇ ಗುಂಪಿಗೆ ಸೇರಿದವು: ಬಿ ಯೂಸ್ಡ್ ಟು, ಗೆಟ್ ಯೂಸ್ಡ್ ಟು, ಆಬ್ಜೆಕ್ಟ್ ಟು, ಕಮಿಟೆಡ್ ಟು, ಡೆಡಿಕೇಟೆಡ್ ಟು, ರೆಸಾರ್ಟ್ ಟು, ಇನ್ ಅಡಿಷನ್ ಟು, ವಿತ್ ಎ ವ್ಯೂ ಟು, ವೆನ್ ಇಟ್ ಕಮ್ಸ್ ಟು. ‘ಯೂಸ್ಡ್ ಟು’ ಹತ್ತಿರ ಮಾತ್ರ ಎರಡು ಸಲ ನೋಡಿ. ‘ಐ ಯೂಸ್ಡ್ ಟು ಡ್ರೈವ್ ಅಟ್ ನೈಟ್’ ಎಂದರೆ ಹಿಂದೆ ರಾತ್ರಿ ಓಡಿಸುತ್ತಿದ್ದೆ. ‘ಐ ಆಮ್ ಯೂಸ್ಡ್ ಟು ಡ್ರೈವಿಂಗ್ ಅಟ್ ನೈಟ್’ ಎಂದರೆ ರಾತ್ರಿ ಓಡಿಸುವುದು ನನಗೆ ರೂಢಿ.

ಎಡಗಡೆ ಪ್ರಿಪೊಸಿಷನ್ ಇಲ್ಲ, ‘ಯಾಕೆ ಬಂದೆ, ಯಾಕೆ ಹೋದೆ’ ಎಂಬುದಕ್ಕೆ ಉತ್ತರ ಹೇಳಬೇಕು ಎಂದಾದರೆ ಟು. ಮೂರನೆಯ ವಾಕ್ಯ: ‘ಐ ಕೇಮ್ ಹಿಯರ್ ಟು ಬೈ ಎ ಬುಕ್’. ‘ಕೊಳ್ಳುವುದಕ್ಕಾಗಿ’ಯಲ್ಲಿರುವ ‘ಆಗಿ’ಯನ್ನು ‘ಫಾರ್’ ಎಂದು ತಂದುಕೊಂಡಿದ್ದೀರಿ. ಒಬ್ಬ ವ್ಯಕ್ತಿಯ ಉದ್ದೇಶಕ್ಕೆ ‘ಫಾರ್ ಡೂಯಿಂಗ್’ ಬರುವುದಿಲ್ಲ. ಅದು ಬರುವುದು ಎರಡು ಕಡೆ: ಒಂದು ವಸ್ತುವಿನ ಬಳಕೆ ಹೇಳುವಾಗ, ‘ದಿಸ್ ನೈಫ್ ಈಸ್ ಫಾರ್ ಕಟಿಂಗ್ ಪೇಪರ್’, ಆಗಿಹೋದ ಕೆಲಸಕ್ಕೆ ಕೃತಜ್ಞತೆಯನ್ನೋ ಶಿಕ್ಷೆಯನ್ನೋ ಹೇಳುವಾಗ, ‘ಥ್ಯಾಂಕ್ಸ್ ಫಾರ್ ಕಮಿಂಗ್’, ‘ಹಿ ವಾಸ್ ಫೈನ್ಡ್ ಫಾರ್ ಸ್ಪೀಡಿಂಗ್’.

ಇವೆರಡೂ ಅಲ್ಲದೆ ನೇರವಾಗಿ ಕ್ರಿಯಾಪದದ ಮುಂದೆ ಕ್ರಿಯಾಪದ ಬಂದರೆ ಆಗ ಮಾತ್ರ ಪಟ್ಟಿ ಬೇಕು. ಇಂಗ್ ಮಾತ್ರ ಬೇಡುವವು: ಎಂಜಾಯ್, ಅವಾಯ್ಡ್, ಫಿನಿಶ್, ಮೈಂಡ್, ಕೀಪ್, ಗಿವ್ ಅಪ್, ಪ್ರ್ಯಾಕ್ಟಿಸ್, ಮಿಸ್, ರಿಸ್ಕ್, ಡಿನೈ, ಅಡ್ಮಿಟ್, ಇಮ್ಯಾಜಿನ್, ಕನ್ಸಿಡರ್, ಸಜೆಸ್ಟ್, ಪೋಸ್ಟ್‌ಪೋನ್, ಕಾಂಟ್ ಹೆಲ್ಪ್. ಟು ಮಾತ್ರ ಬೇಡುವವು: ವಾಂಟ್, ಹೋಪ್, ಡಿಸೈಡ್, ಪ್ಲಾನ್, ಅಗ್ರೀ, ರೆಫ್ಯೂಸ್, ಪ್ರಾಮಿಸ್, ಆಫರ್, ಮ್ಯಾನೇಜ್, ಫೇಲ್, ಅಫೋರ್ಡ್, ಎಕ್ಸ್‌ಪೆಕ್ಟ್, ಪ್ರಿಟೆಂಡ್, ಸೀಮ್, ಟೆಂಡ್. ಬರೀ ‘ಅವಾಯ್ಡ್ = ತಪ್ಪಿಸಿಕೊಳ್ಳು’ ಎಂದು ಕಲಿಯಬೇಡಿ, ‘ಅವಾಯ್ಡ್ ಡೂಯಿಂಗ್’, ‘ಅಗ್ರೀ ಟು ಡು’ ಎಂದು ಬಾಲ ಸಮೇತ ಕಲಿಯಿರಿ. ಭಾಷೆ ಕಲಿಯುವವರಿಗಾಗಿಯೇ ಮಾಡಿದ ನಿಘಂಟುಗಳಲ್ಲಿ ಪ್ರತಿ ಕ್ರಿಯಾಪದದ ಜೊತೆ ಈ ಬಾಲವನ್ನು ಅಚ್ಚು ಹಾಕಿರುತ್ತಾರೆ. ಎಷ್ಟೋ ಜನ ಅರ್ಥ ನೋಡಿ ಪುಟ ಮಗುಚುತ್ತಾರೆ.

ಎಣಿಸಿದರೆ ಎರಡೂ ಸೇರಿ ಮೂವತ್ತೊಂದು. ನಿತ್ಯದ ಬರವಣಿಗೆಯ ಬಹುಪಾಲಿಗೆ ಇಷ್ಟು ಸಾಕು.

ಕೃದಂತ:

ಮೇಷ್ಟ್ರು ಹೇಳಿದ ಕ್ರಮ ಸರಿ. ಆದರೆ ಸೂತ್ರ ಸರಿಹೊಂದುವ ಆ ‘ಐದಾರು ಕ್ರಿಯಾಪದ’ಗಳನ್ನು ಬಿಟ್ಟುಬಿಟ್ಟಿದ್ದಾರೆ. ಆರನೆಯ ವಾಕ್ಯ ಇರುವುದು ಅಲ್ಲಿ. ಇವುಗಳ ಮುಂದೆ ಎರಡು ರೂಪಗಳೂ ಬರುತ್ತವೆ, ಅರ್ಥ ಬೇರೆಯಾಗುತ್ತದೆ. ಕನ್ನಡವೂ ಇದೇ ವ್ಯತ್ಯಾಸವನ್ನು ತನ್ನದೇ ದಾರಿಯಲ್ಲಿ ಇಟ್ಟುಕೊಂಡಿದೆ, ಹಾಗಾಗಿ ನಮಗೆ ಇದು ಕಷ್ಟವಾಗಬಾರದು.

ಸ್ಟಾಪ್: ‘ಸ್ಟಾಪ್ಡ್ ಡ್ರಿಂಕಿಂಗ್’ ಎಂದರೆ ಕುಡಿಯುವುದನ್ನು ನಿಲ್ಲಿಸಿದೆ, ‘ಸ್ಟಾಪ್ಡ್ ಟು ಡ್ರಿಂಕ್’ ಎಂದರೆ ಕುಡಿಯಲು ನಿಂತೆ. ನಾವು ನಿಲ್ಲು–ನಿಲ್ಲಿಸು ಎಂದು ಕ್ರಿಯಾಪದವನ್ನೇ ಬದಲಿಸುತ್ತೇವೆ, ಇಂಗ್ಲಿಷ್ ಬಾಲ ಬದಲಿಸುತ್ತದೆ. ನೀವು ಬರೆದದ್ದು ವ್ಯಾಕರಣಕ್ಕೆ ಸರಿಯಾಗಿಯೇ ಇದೆ. ಕಾಫಿ ಬಿಟ್ಟವರು ದಾರಿಯಲ್ಲಿ ನಿಂತು ಕಾಫಿ ಕುಡಿದಂತಾಗಿದೆ, ಅಷ್ಟೇ.

ರಿಮೆಂಬರ್: ‘ಐ ರಿಮೆಂಬರ್ ಲಾಕಿಂಗ್ ದ ಡೋರ್’ ಎಂದರೆ ಬೀಗ ಹಾಕಿದ್ದು ನೆನಪಿದೆ. ‘ಐ ರಿಮೆಂಬರ್ಡ್ ಟು ಲಾಕ್ ದ ಡೋರ್’ ಎಂದರೆ ಮರೆಯದೆ ಬೀಗ ಹಾಕಿದೆ. ಮೊದಲನೆಯದರಲ್ಲಿ ಕೆಲಸ ಮುಂಚೆ, ನೆನಪು ಆಮೇಲೆ. ಎರಡನೆಯದರಲ್ಲಿ ನೆನಪು ಮುಂಚೆ, ಕೆಲಸ ಆಮೇಲೆ.

ಫರ್ಗೆಟ್: ‘ಐ ಫರ್ಗಾಟ್ ಟು ಕಾಲ್’ ಎಂದರೆ ಕರೆ ಮಾಡಲೇ ಇಲ್ಲ. ‘ಐ ವಿಲ್ ನೆವರ್ ಫರ್ಗೆಟ್ ಸೀಯಿಂಗ್ ದ ಸೀ’ ಎಂದರೆ ಕಡಲು ನೋಡಿದ್ದನ್ನು ಮರೆಯಲಾರೆ. ಇಂಗ್ ಬರುವುದು ಹೆಚ್ಚಾಗಿ ಹೀಗೆ ‘ನೆವರ್’ ಜೊತೆ.

ರಿಗ್ರೆಟ್: ‘ಐ ರಿಗ್ರೆಟ್ ಸೇಯಿಂಗ್ ದಟ್’ ಎಂದರೆ ಹಾಗೆ ಹೇಳಿದ್ದಕ್ಕೆ ಪಶ್ಚಾತ್ತಾಪವಿದೆ. ‘ವಿ ರಿಗ್ರೆಟ್ ಟು ಇನ್ಫಾರ್ಮ್ ಯು’ ಎಂದರೆ ತಿಳಿಸಲು ವಿಷಾದಿಸುತ್ತೇವೆ, ಕೆಟ್ಟ ಸುದ್ದಿ ತರುವ ಪತ್ರಗಳ ಮೊದಲ ಸಾಲು. ಇಂಗ್ ಹಾಕಿದರೆ, ಹಿಂದೆ ಯಾವಾಗಲೋ ತಿಳಿಸಿದ್ದಕ್ಕೆ ಈಗ ಪರಿತಪಿಸುತ್ತಿದ್ದೇವೆ ಎಂಬ ಅರ್ಥ ಬಂದುಬಿಡುತ್ತದೆ.

ಟ್ರೈ: ನನಗೆ ತುಂಬ ಇಷ್ಟವಾದ ಜೋಡಿ. ‘ಐ ಟ್ರೈಡ್ ಟು ಓಪನ್ ದ ವಿಂಡೋ’ ಎಂದರೆ ಕಿಟಕಿ ತೆರೆಯಲು ಪ್ರಯತ್ನಿಸಿದೆ, ಬಹುಶಃ ತೆರೆಯಲಿಲ್ಲ. ‘ಐ ಟ್ರೈಡ್ ಓಪನಿಂಗ್ ದ ವಿಂಡೋ’ ಎಂದರೆ ಕಿಟಕಿ ತೆರೆದು ನೋಡಿದೆ, ಸೆಕೆ ಕಡಿಮೆಯಾಗುತ್ತದೋ ಏನೋ ಅಂತ. ಕನ್ನಡದ ‘ಮಾಡಿ ನೋಡು’, ‘ತಿಂದು ನೋಡು’, ‘ಕೇಳಿ ನೋಡು’ ಇವೆಲ್ಲ ಟ್ರೈ ಜೊತೆ ಇಂಗ್.

ಗೋ ಆನ್: ‘ವೆಂಟ್ ಆನ್ ಟಾಕಿಂಗ್’, ಮಾತಾಡುತ್ತಲೇ ಹೋದ. ‘ವೆಂಟ್ ಆನ್ ಟು ಟಾಕ್ ಅಬೌಟ್ ಮನಿ’, ಒಂದು ವಿಷಯ ಮುಗಿಸಿ ಮುಂದೆ ಹಣದ ವಿಷಯಕ್ಕೆ ಬಂದ.

ಮೀನ್: ‘ಐ ಡಿಡ್ ನಾಟ್ ಮೀನ್ ಟು ಹರ್ಟ್ ಯು’ ಎಂದಾಗ ಉದ್ದೇಶ. ‘ದಿಸ್ ಜಾಬ್ ಮೀನ್ಸ್ ಗೆಟಿಂಗ್ ಅಪ್ ಅರ್ಲಿ’ ಎಂದಾಗ ಬೇಗ ಏಳಲೇಬೇಕಾಗುತ್ತದೆ ಎಂಬ ಪರಿಣಾಮ.

ಇನ್ನೊಂದು ವಿಚಿತ್ರ ‘ನೀಡ್’. ‘ಐ ನೀಡ್ ಟು ವಾಶ್ ದ ಶರ್ಟ್’ನಲ್ಲಿ ತೊಳೆಯುವವನು ನಾನು. ‘ದ ಶರ್ಟ್ ನೀಡ್ಸ್ ವಾಶಿಂಗ್’ನಲ್ಲಿ ಕರ್ತೃ ಅಂಗಿ, ಅದನ್ನು ಯಾರಾದರೂ ತೊಳೆಯಬೇಕು. ‘ನೀಡ್ಸ್ ಟು ಬಿ ವಾಶ್ಡ್’ ಅಂದರೂ ಅದೇ. ‘ದ ಶರ್ಟ್ ನೀಡ್ಸ್ ಟು ವಾಶ್’ ಅಂದರೆ ಅಂಗಿಯೇ ಬಟ್ಟೆ ಒಗೆಯಲು ಹೊರಟಂತೆ.

ಹಾಗಾಗಿ ಪಟ್ಟಿಗಿಂತ ಸುಲಭದ ಗುರುತು ಒಂದಿದೆ: ಕನ್ನಡದಲ್ಲಿ ‘-ಉವುದನ್ನು’ ಎಂದು ದ್ವಿತೀಯಾ ವಿಭಕ್ತಿ ಬಂದರೆ ಇಂಗ್, ‘-ಅಲು’ ಅಥವಾ ‘-ಉವುದಕ್ಕೆ’ ಬಂದರೆ ಟು. ‘ಓದುವುದನ್ನು ಮುಗಿಸಿದೆ’, ಫಿನಿಶ್ಡ್ ರೀಡಿಂಗ್. ‘ಬರಲು ಒಪ್ಪಿದೆ’, ಅಗ್ರೀಡ್ ಟು ಕಮ್.

ಹಳೇಮೇಷ್ಟ್ರು:

ಕೃದಂತ ಅವರೇ, ಜೋಡಿಗಳ ಬಗ್ಗೆ ಬರೆದದ್ದು ಚೆನ್ನಾಗಿದೆ. ‘ತೆರೆದು ನೋಡಿದೆ’ ನನಗೆ ಹೊಳೆದಿರಲಿಲ್ಲ. ಆದರೆ ಕೊನೆಯ ವಿಭಕ್ತಿ ಗುರುತನ್ನು ಯಾರೂ ನೆಚ್ಚಬಾರದು. ಈ ಪ್ರಶ್ನೆಯ ಆರು ವಾಕ್ಯಗಳಲ್ಲಿ ನಾಲ್ಕು ಹಾಳಾದದ್ದು ಆ ಅಭ್ಯಾಸದಿಂದಲೇ.

‘ದೀಪ ಆರಿಸುವುದನ್ನು ಮರೆತೆ’ ದ್ವಿತೀಯಾ, ಇಂಗ್ಲಿಷಿನಲ್ಲಿ ‘ಫರ್ಗಾಟ್ ಟು ಸ್ವಿಚ್ ಆಫ್’. ‘ಕಾಯುವುದಕ್ಕೆ ಅಭ್ಯಂತರವಿಲ್ಲ’ ಚತುರ್ಥಿ, ಇಂಗ್ಲಿಷಿನಲ್ಲಿ ‘ಡೋಂಟ್ ಮೈಂಡ್ ವೇಟಿಂಗ್’. ‘ನಿಮ್ಮನ್ನು ನೋಡಲು ಕಾತರನಾಗಿದ್ದೇನೆ’ಯಿಂದ ಹುಟ್ಟಿದ್ದು ಮೊದಲನೆಯ ತಪ್ಪು, ‘ವಿಶ್ರಾಂತಿ ಪಡೆಯಲು ಸೂಚಿಸಿದ’ಯಿಂದ ಎರಡನೆಯದು, ‘ಕೊಳ್ಳುವುದಕ್ಕಾಗಿ’ಯಿಂದ ಮೂರನೆಯದು, ‘ಕಾಯುವುದಕ್ಕೆ ಹಚ್ಚಿದರು’ ಎಂಬುದರಿಂದ ಐದನೆಯದು. ಆಡುಮಾತಿನ ‘-ಓಕೆ’ ಇನ್ನೂ ಮೋಸಗಾರ. ‘ಮಾತಾಡೋಕೆ ಬಂದ’, ‘ಮಾತಾಡೋಕೆ ಹೆದರಿದ’, ‘ಮಾತಾಡೋಕೆ ಒಗ್ಗಿಹೋದ’, ಎಲ್ಲಕ್ಕೂ ನಮಗೆ ಒಂದೇ ಬಾಲ. ಇಂಗ್ಲಿಷಿನಲ್ಲಿ ಕ್ರಮವಾಗಿ ಟು ಟಾಕ್, ಟು ಟಾಕ್, ಟು ಟಾಕಿಂಗ್.

ಗುರುತಾಗಿ ಉಳಿಸಿಕೊಳ್ಳಬಹುದಾದದ್ದು ಒಂದೇ. ನೀವು ಹೇಳಿದ ರಿಮೆಂಬರ್, ಫರ್ಗೆಟ್, ರಿಗ್ರೆಟ್ ಮೂರರ ಮುಂದೆ ಕನ್ನಡದಲ್ಲಿ ‘ಹಾಕಿದ್ದು, ನೋಡಿದ್ದು, ಹೇಳಿದ್ದು’ ಎಂಬ ಭೂತಕಾಲದ ರೂಪ ಬಂದರೆ ಇಂಗ್. ಅದು ಆ ಮೂರಕ್ಕೆ ಮಾತ್ರ.

ಅಂದಹಾಗೆ ನಮ್ಮ ‘-ಉವುದಕ್ಕೆ’ಗೂ ಇಂಗ್ಲಿಷಿನ ಟುಗೂ ಇರುವ ಹೋಲಿಕೆ ಪೂರ್ತಿ ಆಕಸ್ಮಿಕವೂ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಟು’ ಎಂಬುದು ‘ಕಡೆಗೆ’ ಎಂಬರ್ಥದ ಪ್ರಿಪೊಸಿಷನ್ನೇ ಆಗಿತ್ತು, ಅದರ ಮುಂದೆ ಬರುವ ಕ್ರಿಯಾರೂಪ ಚತುರ್ಥಿಯಂಥ ಪ್ರತ್ಯಯ ತೊಡುತ್ತಿತ್ತು. ನಮ್ಮ ‘ಓದುವುದಕ್ಕೆ’ಯ ‘ಕ್ಕೆ’ಗೂ ಅದೇ ಚಲನೆಯ ಅರ್ಥ. ಉದ್ದೇಶ ಹೇಳುವ ಟು ಇವತ್ತಿಗೂ ನಮಗೆ ಸಹಜವಾಗಿ ಬರುವುದು ಇದರಿಂದಲೇ ಇರಬೇಕು. ಮಿಕ್ಕ ಕಡೆಗೆಲ್ಲ ಎರಡು ಭಾಷೆಗಳ ದಾರಿ ಬೇರೆಬೇರೆ.

ಕೊನೆಬೆಂಚು:

‘ಇಟ್’ ಇಟ್ಟು ನೋಡುವುದು ಕೂಡಲೇ ಉಪಯೋಗಕ್ಕೆ ಬಂತು, ಮೇಷ್ಟ್ರೇ. ಎರಡು ಅನುಮಾನ ಉಳಿದಿವೆ. ‘ಸ್ಟಾರ್ಟ್’, ‘ಲೈಕ್’ ಮುಂದೆ ಎರಡೂ ನಡೆಯುತ್ತದೆ ಅನ್ನುತ್ತಾರೆ, ನಿಜವಾಗಿ ವ್ಯತ್ಯಾಸವೇ ಇಲ್ಲವೇ? ಇನ್ನೊಂದು, ‘ವಾಂಟೆಡ್ ಅಸ್ ಟು ವೇಟ್’ ಸರಿ ಆದರೆ ‘ಮೇಡ್ ಅಸ್ ಟು ವೇಟ್’ ಯಾಕೆ ತಪ್ಪು?

ಅಲ್ಪವಿರಾಮ:

ಎರಡನೆಯದನ್ನು ಮೊದಲು ತೆಗೆದುಕೊಳ್ಳೋಣ. ನಡುವೆ ಒಬ್ಬ ವ್ಯಕ್ತಿ ಬಂದಾಗ ಸಾಮಾನ್ಯವಾಗಿ ಟು: ವಾಂಟ್, ಆಸ್ಕ್, ಟೆಲ್, ಫೋರ್ಸ್, ಪರ್ಸ್ವೇಡ್, ಎನ್ಕರೇಜ್, ಎಲ್ಲಕ್ಕೂ ‘ಹಿಮ್ ಟು ಗೋ’. ‘ಮೇಕ್’, ‘ಲೆಟ್’ ಎರಡಕ್ಕೆ ಬರಿಯ ಧಾತು: ‘ಮೇಡ್ ಅಸ್ ವೇಟ್’, ‘ಲೆಟ್ ಅಸ್ ಗೋ’. ‘ಹೆಲ್ಪ್’ ಎರಡಕ್ಕೂ ಸೈ: ‘ಹೆಲ್ಪ್ಡ್ ಮಿ ಕ್ಯಾರಿ ಇಟ್’, ‘ಹೆಲ್ಪ್ಡ್ ಮಿ ಟು ಕ್ಯಾರಿ ಇಟ್’. ಇಲ್ಲಿ ಕಾರಣ ಕೇಳಬೇಡಿ, ಬಳಕೆ ಹಾಗಿದೆ. ತಮಾಷೆ ಎಂದರೆ ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದ ಕೂಡಲೇ ‘ಮೇಕ್’ಗೆ ಟು ವಾಪಸ್ ಬರುತ್ತದೆ: ‘ವಿ ವರ್ ಮೇಡ್ ಟು ವೇಟ್’. ಪರೀಕ್ಷೆಗಳಲ್ಲಿ ವಾಕ್ಯ ಬದಲಿಸಿ ಎಂದು ಕೇಳುವವರಿಗೆ ಇದು ಪ್ರಿಯವಾದ ಗುಂಡಿ. ‘ಲೆಟ್’ ಅನ್ನು ಹಾಗೆ ತಿರುಗಿಸಲು ಹೋಗಬೇಡಿ, ‘ವಿ ವರ್ ಅಲೌಡ್ ಟು ಗೋ’ ಎನ್ನಿ.

‘ಅಲೌ’, ‘ಪರ್ಮಿಟ್’, ‘ಅಡ್ವೈಸ್’ ಮೂರಕ್ಕೆ ಎರಡು ಮುಖ. ವ್ಯಕ್ತಿ ಇದ್ದರೆ ಟು: ‘ದೆ ಅಲೌ ಅಸ್ ಟು ಪಾರ್ಕ್ ಹಿಯರ್’. ವ್ಯಕ್ತಿ ಇಲ್ಲದಿದ್ದರೆ ಇಂಗ್: ‘ದೆ ಡೋಂಟ್ ಅಲೌ ಪಾರ್ಕಿಂಗ್ ಹಿಯರ್’. ‘ದೆ ಡೋಂಟ್ ಅಲೌ ಟು ಪಾರ್ಕ್’ ತಪ್ಪು. ‘ಸಜೆಸ್ಟ್’ಗೆ ಮಾತ್ರ ‘ವ್ಯಕ್ತಿ, ಆಮೇಲೆ ಟು’ ಎಂಬ ರಚನೆಯೇ ಇಲ್ಲ. ‘ಅಡ್ವೈಸ್ಡ್ ಮಿ ಟು’ ಇದೆಯಲ್ಲ ಎಂದು ‘ಸಜೆಸ್ಟೆಡ್ ಮಿ ಟು’ ಬರೆಯುತ್ತೇವೆ. ‘ಸಜೆಸ್ಟೆಡ್ ಟೇಕಿಂಗ್ ರೆಸ್ಟ್’ ಅಥವಾ ‘ಸಜೆಸ್ಟೆಡ್ ದಟ್ ಐ ಟೇಕ್ ರೆಸ್ಟ್’, ಇವೆರಡೇ ದಾರಿ.

ಕಣ್ಣಿಂದ ನೋಡುವ, ಕಿವಿಯಿಂದ ಕೇಳುವ ಕ್ರಿಯಾಪದಗಳಿಗೂ ಟು ಇಲ್ಲ. ‘ಐ ಸಾ ಹಿಮ್ ಕ್ರಾಸ್ ದ ರೋಡ್’ ಎಂದರೆ ಅವನು ರಸ್ತೆ ದಾಟಿದ್ದನ್ನು ನೋಡಿದೆ, ಈ ಬದಿಯಿಂದ ಆ ಬದಿಯವರೆಗೆ. ‘ಐ ಸಾ ಹಿಮ್ ಕ್ರಾಸಿಂಗ್’ ಎಂದರೆ ದಾಟುತ್ತಿದ್ದುದನ್ನು ನೋಡಿದೆ, ಆಚೆ ಮುಟ್ಟಿದನೋ ಇಲ್ಲವೋ ಈ ವಾಕ್ಯ ಹೇಳುವುದಿಲ್ಲ.

ಈಗ ‘ಸ್ಟಾರ್ಟ್’, ‘ಬಿಗಿನ್’. ಅರ್ಥದಲ್ಲಿ ವ್ಯತ್ಯಾಸ ಇಲ್ಲವೆಂದೇ ಹೇಳಬಹುದು. ಆದರೆ ಎರಡು ಕಡೆ ಟು ಮೇಲು. ‘ಸ್ಟಾರ್ಟ್’ ತಾನೇ ಇಂಗ್ ತೊಟ್ಟಿದ್ದರೆ ಎರಡನೆಯ ಇಂಗ್ ಕಿವಿಗೆ ಚುಚ್ಚುತ್ತದೆ: ‘ಇಟ್ ಈಸ್ ಸ್ಟಾರ್ಟಿಂಗ್ ಟು ರೇನ್’. ಹಾಗೆಯೇ ಅಂಡರ್‌ಸ್ಟ್ಯಾಂಡ್, ನೋ, ರಿಯಲೈಸ್ ಮುಂತಾಗಿ ಮನಸ್ಸಿನೊಳಗಿನದನ್ನು ಹೇಳುವ ಪದಗಳ ಜೊತೆ: ‘ಐ ಬಿಗ್ಯಾನ್ ಟು ಅಂಡರ್‌ಸ್ಟ್ಯಾಂಡ್’.

‘ಲೈಕ್’ನಲ್ಲಿ ತೆಳುವಾದ ಭೇದವಿದೆ, ಬ್ರಿಟಿಷ್ ಬಳಕೆಯಲ್ಲಿ ಹೆಚ್ಚು. ‘ಐ ಲೈಕ್ ಸ್ವಿಮಿಂಗ್’ನಲ್ಲಿ ಈಜಿನ ಸುಖ. ‘ಐ ಲೈಕ್ ಟು ಪೇ ಬಿಲ್ಸ್ ಆನ್ ಟೈಮ್’ನಲ್ಲಿ ಸುಖವೇನೂ ಇಲ್ಲ, ಹಾಗೆ ಮಾಡುವುದು ಒಳ್ಳೆಯದು ಎಂಬ ಅಭಿಪ್ರಾಯ. ‘ವುಡ್ ಲೈಕ್’ ಬಂದರೆ ಮಾತ್ರ ಚರ್ಚೆಯಿಲ್ಲ, ಟು. ‘ಪ್ರಿಫರ್’ ಹೋಲಿಕೆಯಲ್ಲಿ ಬಂದಾಗ ಎರಡು ಬದಿಯೂ ಒಂದೇ ಥರ ಇರಲಿ: ‘ಪ್ರಿಫರ್ ವಾಕಿಂಗ್ ಟು ಡ್ರೈವಿಂಗ್’, ಅಥವಾ ‘ಪ್ರಿಫರ್ ಟು ವಾಕ್ ರಾದರ್ ದ್ಯಾನ್ ಡ್ರೈವ್’.

ಕೃದಂತ:

ವಿಭಕ್ತಿ ವಿಷಯದಲ್ಲಿ ಸೋಲೊಪ್ಪಿದೆ. ಅದರ ಬದಲಿಗೆ ಇಲ್ಲಿ ಯಾರೂ ಮುಟ್ಟದ ಒಂದು ಮೂಲೆ: ನಾಮಪದ, ವಿಶೇಷಣಗಳ ಮುಂದೆ ಏನು?

ಟು ಬೇಡುವ ಕ್ರಿಯಾಪದದಿಂದ ಹುಟ್ಟಿದ ನಾಮಪದ ಸಾಮಾನ್ಯವಾಗಿ ಟುವನ್ನೇ ಬೇಡುತ್ತದೆ. ಡಿಸೈಡ್–ಡಿಸಿಷನ್ ಟು, ರೆಫ್ಯೂಸ್–ರೆಫ್ಯೂಸಲ್ ಟು, ಫೇಲ್–ಫೇಲ್ಯರ್ ಟು. ‘ಹೋಪ್’ ಮಾತ್ರ ಜಾರುತ್ತದೆ: ‘ಐ ಹೋಪ್ ಟು ವಿನ್’, ಆದರೆ ‘ನೋ ಹೋಪ್ ಆಫ್ ವಿನಿಂಗ್’. ‘ಎಬಿಲಿಟಿ ಟು ಡು’, ಆದರೆ ‘ಪಾಸಿಬಿಲಿಟಿ ಆಫ್ ಡೂಯಿಂಗ್’, ‘ಹ್ಯಾಬಿಟ್ ಆಫ್ ಡೂಯಿಂಗ್’.

‘ಸ್ಪೆಂಡ್’, ‘ಬಿಸಿ’, ‘ವರ್ತ್’, ‘ನೋ ಯೂಸ್’, ‘ಹ್ಯಾವ್ ಡಿಫಿಕಲ್ಟಿ’ ಐದೂ ಇಂಗ್. ಇವುಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ‘ಸ್ಪೆಂಟ್ ಟೂ ಅವರ್ಸ್ ಟು ರೀಡ್’. ಸರಿಯಾದದ್ದು ‘ಸ್ಪೆಂಟ್ ಟೂ ಅವರ್ಸ್ ರೀಡಿಂಗ್’. ಆದರೆ ‘ಇಟ್ ಟುಕ್ ಟೂ ಅವರ್ಸ್’ ಎಂದು ಶುರು ಮಾಡಿದರೆ ‘ಟು ರೀಡ್’. ಬಹುಶಃ ಈ ಎರಡನ್ನು ಬೆರೆಸಿಯೇ ತಪ್ಪು ಹುಟ್ಟುವುದು.

‘ಅಫ್ರೇಡ್’ ಎರಡು ರೀತಿ. ‘ಅಫ್ರೇಡ್ ಟು ಜಂಪ್’, ಹೆದರಿ ಹಾರುವುದಿಲ್ಲ, ಹಾರುವುದು ಬಿಡುವುದು ನನ್ನ ಕೈಯಲ್ಲಿದೆ. ‘ಅಫ್ರೇಡ್ ಆಫ್ ಫಾಲಿಂಗ್’, ಬಿದ್ದುಬಿಟ್ಟೇನೆಂಬ ಭಯ, ಅದು ನನ್ನ ಕೈಯಲ್ಲಿಲ್ಲ. ಬೀಳಲು ಯಾರೂ ತೀರ್ಮಾನಿಸುವುದಿಲ್ಲವಾದ್ದರಿಂದ ಇಲ್ಲಿ ‘ಅಫ್ರೇಡ್ ಟು ಫಾಲ್’ ಹೊಂದುವುದಿಲ್ಲ.

ನಿಷೇಧಕ್ಕೆ ‘ನಾಟ್’ ಎರಡೂ ರೂಪಗಳ ಮುಂಚೆ ಕೂರುತ್ತದೆ: ‘ಡಿಸೈಡೆಡ್ ನಾಟ್ ಟು ಗೋ’, ‘ರಿಗ್ರೆಟೆಡ್ ನಾಟ್ ಗೋಯಿಂಗ್’.

ಕೊನೆಬೆಂಚು:

ತಿದ್ದಿದ್ದೇನೆ, ನೋಡಿ ಹೇಳಿ.

1. ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು.
2. ಹಿ ಸಜೆಸ್ಟೆಡ್ ದಟ್ ಐ ಟೇಕ್ ರೆಸ್ಟ್.
3. ಐ ಕೇಮ್ ಹಿಯರ್ ಟು ಬೈ ಎ ಬುಕ್.
4. ಶಿ ಅವಾಯ್ಡ್ಸ್ ಟಾಕಿಂಗ್ ಅಬೌಟ್ ಇಟ್.
5. ದೆ ಮೇಡ್ ಅಸ್ ವೇಟ್.
6. ಐ ಸ್ಟಾಪ್ಡ್ ಡ್ರಿಂಕಿಂಗ್ ಕಾಫಿ.

ಎರಡನೆಯದರಲ್ಲಿ ‘ಐ’ ಬದಲು ‘ಶಿ’ ಬಂದರೆ ‘ಟೇಕ್ಸ್’ ಆಗಬೇಕಲ್ಲವೇ?

ಅಲ್ಪವಿರಾಮ:

ಆರೂ ಸರಿ. ‘ಶಿ’ ಬಂದರೂ ‘ಟೇಕ್’ ಎಂದೇ ಇರಲಿ: ‘ಹಿ ಸಜೆಸ್ಟೆಡ್ ದಟ್ ಶಿ ಟೇಕ್ ರೆಸ್ಟ್’. ಸಲಹೆ, ಬೇಡಿಕೆಯ ‘ದಟ್’ ಮುಂದೆ ಬರುವ ಧಾತುವಿಗೆ ‘ಎಸ್’ ಹಚ್ಚುವುದಿಲ್ಲ, ಕಾಲವನ್ನೂ ಬದಲಿಸುವುದಿಲ್ಲ. ಬರಿಯ ಧಾತು ವಿಚಿತ್ರ ಅನ್ನಿಸಿದರೆ ‘ಶುಡ್ ಟೇಕ್’ ಬರೆಯಿರಿ, ಅದೂ ಒಪ್ಪಿತ. ಇನ್ನು ‘ಟೇಕ್ ರೆಸ್ಟ್’ ಬದಲು ‘ಗೆಟ್ ಸಮ್ ರೆಸ್ಟ್’ ಎಂದರೆ ಇಂಗ್ಲಿಷ್ ಮಾತೃಭಾಷೆಯವರ ಕಿವಿಗೆ ಹೆಚ್ಚು ಸಹಜ, ಆದರೆ ‘ಟೇಕ್ ರೆಸ್ಟ್’ಗೂ ಕೆಂಪು ಗೆರೆ ಬೀಳುವುದಿಲ್ಲ.